ಸೋಫಾ ಕಮ್, ಬೆಡ್ ಜಾಸ್ತಿ

ನಮ್ಮ ಗುಡ್ಡದ ಮೇಲಿನ ಮನೆಗಳಿಗೆ ಮಂಚ, ಕಪಾಟು, ಸೋಫಾ ಯಾವುವೂ ಹೊರಗಿನಿಂದ ಬರುವುದಿಲ್ಲ. ಅವು ಆ ಮನೆಗಳ ಒಳಗೇ ಹುಟ್ಟುತ್ತವೆ. ಹುಟ್ಟಿಸುವವನು ಬೂದೆಪ್ಪ.

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಇಳಿದು ಆಟೊ ಹಿಡಿದರೆ ಅದು ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತದೆ. ಆಮೇಲೆ ದಾರಿಯಿಲ್ಲ, ಗುಡ್ಡವಿದೆ. ತೆಲುಗಿನವರು ಅದನ್ನು ತಾಬೇಲುಗುಟ್ಟ ಎನ್ನುತ್ತಾರೆ, ನಾವು ಕನ್ನಡದವರು ಆಮಿಗುಡ್ಡ ಎನ್ನುತ್ತೇವೆ. ತುದಿಯ ಬಂಡೆ ಆಮೆಯ ಹಾಗೆ ಕಾಣುತ್ತದಂತೆ. ಇಷ್ಟು ವರ್ಷಗಳಲ್ಲಿ ನನಗೆ ಒಮ್ಮೆಯೂ ಹಾಗೆ ಕಂಡಿಲ್ಲ, ಆದರೆ ಹೆಸರಿಡುವಾಗ ನನ್ನನ್ನು ಯಾರೂ ಕೇಳಲಿಲ್ಲ. ನಾನು ಸುಹಾಸಿನಿ, ಅಬಿಡ್ಸಿನ ಒಂದು ಸರ್ಕಾರಿ ಕಚೇರಿಯಲ್ಲಿ ಜನ್ಮ ಸವೆಸಿ ನಿವೃತ್ತಳಾದವಳು. ನಮ್ಮ ಮನೆಯವರು ಗುರುರಾಜರು, ಹವಾ ಚೆನ್ನಾಗಿದೆ ಎಂದು ಈ ಗುಡ್ಡದ ಬುಡದಲ್ಲಿ ಜಾಗ ಹಿಡಿದರು. ಹವಾ ಚೆನ್ನಾಗಿದೆ, ಸುಳ್ಳಲ್ಲ. ಹವಾ ಒಂದೇ ಇದೆ.

ನಮ್ಮ ಮನೆಯ ಪಕ್ಕದಿಂದ ಮೆಟ್ಟಿಲುಗಳು ಮೇಲೆ ಹೋಗುತ್ತವೆ. ಅರ್ಧ ದಾರಿಯಲ್ಲಿ ಎರಡು ದೊಡ್ಡ ಬಂಡೆಗಳು ಒಂದಕ್ಕೊಂದು ಮುಖ ಕೊಟ್ಟು ನಿಂತಿವೆ, ನಡುವೆ ಒಂದು ಸಂದಿ. ಆ ಸಂದಿಯಲ್ಲಿ ಗ್ಯಾಸ್ ಸಿಲಿಂಡರ್ ಹೋಗುತ್ತದೆ, ಅಕ್ಕಿಯ ಚೀಲ ಹೋಗುತ್ತದೆ, ನನ್ನಂಥವಳು ಉಸಿರು ಬಿಗಿಹಿಡಿದರೆ ಅಡ್ಡಡ್ಡವಾಗಿ ಹೋಗುತ್ತಾಳೆ. ಸೋಫಾ ಹೋಗುವುದಿಲ್ಲ. ಒಮ್ಮೆ ಸೂರಜ್ ಎಂಬ ಹುಡುಗ ಮದುವೆಗೆಂದು ಅಂಗಡಿಯಿಂದ ಸೋಫಾ ತರಿಸಿದ್ದ. ಅದು ಸಂದಿಯಲ್ಲಿ ಸಿಕ್ಕಿಕೊಂಡು, ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಉಳಿದರು. ಬಿಡಿಸಿದ್ದು ಬೂದೆಪ್ಪ, ಗರಗಸದಿಂದ. ಅಂದಿನಿಂದ ಗುಡ್ಡದವರು ಮರದ ಹಲಗೆಗಳನ್ನಷ್ಟೇ ಮೇಲೆ ಹೊರಿಸುತ್ತಾರೆ. ಮಿಕ್ಕಿದ್ದು ಬೂದೆಪ್ಪ ಮನೆಯೊಳಗೇ ಕೂತು ಮಾಡುತ್ತಾನೆ.

ಬೂದೆಪ್ಪ ಯಾದಗಿರಿ ಕಡೆಯವನು. ಬಡಿಗತನ ಅವನ ಕುಲಕಸುಬಲ್ಲ. ಸೆಂಟ್ರಿಂಗ್ ಕೆಲಸದವರ ಗುಂಪಿನ ಜೊತೆ ಹೈದರಾಬಾದಿಗೆ ಬಂದವನು, ಅಂದರೆ ಸ್ಲ್ಯಾಬ್ ಹಾಕುವಾಗ ಕಾಂಕ್ರೀಟು ಗಟ್ಟಿಯಾಗುವ ತನಕ ಹೊತ್ತುಕೊಂಡಿರುವ ಹಲಗೆ, ಕಂಬಗಳನ್ನು ಕಟ್ಟುವ ಕೆಲಸ. ಕಟ್ಟುವುದು, ಬೆಣೆ ಬಡಿಯುವುದು, ಕಾಂಕ್ರೀಟು ಒಣಗಿದ ಮೇಲೆ ಬೆಣೆ ಒದ್ದು ಎಲ್ಲವನ್ನೂ ಬಿಚ್ಚುವುದು. ಊರ ತುಂಬ ಎದ್ದ ದೊಡ್ಡ ಕಟ್ಟಡಗಳಲ್ಲಿ ತಾನು ಕಟ್ಟಿದ್ದು ಒಂದೂ ಉಳಿದಿಲ್ಲವಲ್ಲ ಎಂಬುದು ಅವನ ದೊಡ್ಡ ಕೊರಗು. ಒಂದಾದರೂ ಉಳಿಯುವಂಥದ್ದು ಮಾಡಬೇಕು ಎಂದು ಹಟಕ್ಕೆ ಬಿದ್ದು ಗುಡ್ಡದಲ್ಲಿ ಮಂಚ ಮಾಡಲು ಶುರು ಮಾಡಿದ. ಅವನ ಆಸೆ ಬೇಕಾದ್ದಕ್ಕಿಂತ ಹೆಚ್ಚೇ ಈಡೇರಿದೆ. ಅವನು ಮಾಡಿದ ಸಾಮಾನು ಮುರಿಯುವುದೂ ಇಲ್ಲ, ಬಾಗಿಲಿನಿಂದ ಹೊರಗೆ ಬರುವುದೂ ಇಲ್ಲ. ವಿಜಯಕುಮಾರ ಎಂಬವರು ಮನೆ ಮಾರಿ ಹೋಗುವಾಗ ಮಂಚ ಹೊರಗೆ ಬರದೆ, ಕೊಂಡವರಿಗೇ ಬಿಟ್ಟು ಹೋಗಬೇಕಾಯಿತು. ಕೊಂಡವರಿಗೆ ಅದು ಬೇಕಾಗಿರಲಿಲ್ಲ. ಈಗಲೂ ಅದರ ಸುತ್ತ ಓಡಾಡಿಕೊಂಡು ಸಂಸಾರ ಮಾಡುತ್ತಿದ್ದಾರೆ.

ಗುಡ್ಡದವರಿಗೆ ಮನೆ ಹೊಸದು ಮಾಡುವ ಹುಚ್ಚು ಬಹಳ. ಕೆಳಗಿನ ಫ್ಲ್ಯಾಟುಗಳಲ್ಲಿ ಕೆಲಸಕ್ಕೆ ಹೋಗುವ ಹೆಂಗಸರು ಅಲ್ಲಿ ಕಂಡದ್ದನ್ನೆಲ್ಲ ಮೇಲೆ ತರುತ್ತಾರೆ. ಒಬ್ಬರ ಮನೆಗೆ ಟಿವಿ ಇಡುವ ಶೋಕೇಸು ಬಂದರೆ ವರ್ಷದೊಳಗೆ ಎಲ್ಲರ ಮನೆಗೂ ಬರಬೇಕು, ಅದಕ್ಕಾಗಿ ಇದ್ದೊಂದು ಕಿಟಕಿ ಮುಚ್ಚಿದರೂ ಸರಿ. ಮೊನ್ನೆ ಮೊನ್ನೆ ಫಾಲ್ಸ್ ಸೀಲಿಂಗ್ ಬಂತು. ಮೊದಲೇ ತಲೆಗೆ ತಾಗುವ ಸೂರು, ಅದರ ಕೆಳಗೆ ಇನ್ನೊಂದು ಸೂರು. ಈಗ ಉದ್ದನೆಯ ನೆಂಟರು ಆ ಮನೆಗಳಲ್ಲಿ ದೇವರ ಮುಂದೆ ನಿಂತವರ ಹಾಗೆ ತಲೆ ಬಗ್ಗಿಸಿಯೇ ಇರುತ್ತಾರೆ.

ಇಷ್ಟೆಲ್ಲ ಮಾಡಿಕೊಡುವ ಬೂದೆಪ್ಪನ ಮನೆಯಲ್ಲಿ ಮಾತ್ರ ಒಂದು ಚಾಪೆ, ಒಂದು ಟ್ರಂಕು. ದೀಪದ ಕೆಳಗೆ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ. ಒಂದೇ ಕೋಣೆ, ಅದರ ಮಗ್ಗುಲಿಗೆ ಅಡುಗೆಯ ಜಾಗ, ಹಿಂದಿನ ಗೋಡೆ ಎಂದರೆ ಗುಡ್ಡದ ಬಂಡೆಯೇ. ಬಾಗಿಲು ಒಂದೇ, ಅದು ಒಳಕ್ಕೆ ತೆರೆಯುತ್ತದೆ. ಕಿಟಕಿಯೂ ಒಂದೇ, ಅದಕ್ಕೆ ಬೂದೆಪ್ಪ ಹಾಕಿದ ಸರಳುಗಳು ಯಾವ ಜೈಲಿನಲ್ಲೂ ಇರಲಿಕ್ಕಿಲ್ಲ.

ಅವನ ಹೆಂಡತಿ ಗದಿಗೆಮ್ಮ. ಅವಳಿಗೆ ತವರು ಎಂದರೆ ಅಣ್ಣ ಗುರುಸಿದ್ದಪ್ಪ ಒಬ್ಬನೇ, ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಈ ಮನೆ ಕಟ್ಟಿದ ವರ್ಷ ಅಣ್ಣ ಬಂದಿದ್ದ. ರಾತ್ರಿ ಉಳಿದ. ಚಾಪೆಯ ಕೆಳಗೆ ಬಂಡೆ, ಬಂಡೆಯಲ್ಲೊಂದು ಉಬ್ಬು, ಆ ಉಬ್ಬು ನೆಟ್ಟಗೆ ಅವನ ಸೊಂಟಕ್ಕೇ ಸಿಕ್ಕಿತು. ಬೆಳಿಗ್ಗೆ ಅವನಿಗೆ ಏಳಲಿಕ್ಕೆ ಆಗಲಿಲ್ಲ. ಅವನನ್ನು ಅದೇ ಚಾಪೆಯಲ್ಲಿ ಸುತ್ತಿ, ಸಂದಿಯಲ್ಲಿ ಅಡ್ಡಡ್ಡ ತೂರಿಸಿ ಕೆಳಗೆ ಇಳಿಸಿದ್ದನ್ನು ನಾನೇ ನಮ್ಮ ಅಂಗಳದಲ್ಲಿ ನಿಂತು ನೋಡಿದ್ದೇನೆ. ಈ ಗುಡ್ಡದಲ್ಲಿ ಇನ್ನೊಂದು ರಾತ್ರಿ ಇದ್ದರೆ ನನ್ನ ಹೆಸರು ಗುರುಸಿದ್ದಪ್ಪ ಅಲ್ಲ ಎಂದು ಅವನು ಚಾಪೆಯೊಳಗಿಂದಲೇ ಸಾರಿದ. ಅಂದಿನಿಂದ ಗಿರಣಿಯ ಪಟ್ಟಾ, ಅಂದರೆ ಬೆಲ್ಟು, ಕೊಳ್ಳಲು ಸಿಕಂದರಾಬಾದಿಗೆ ಬಂದಾಗಲೆಲ್ಲ ತಂಗಿಯ ಮನೆಗೆ ಬರುತ್ತಾನೆ, ನಿಂತುಕೊಂಡೇ ಚಹಾ ಕುಡಿಯುತ್ತಾನೆ, ಸಂಜೆಯ ಗಾಡಿ ಹಿಡಿಯುತ್ತಾನೆ.

ನಲ್ಲಿಯ ಹತ್ತಿರ ಹೆಂಗಸರು ಇದನ್ನು ಆಡಿಕೊಳ್ಳುತ್ತಿದ್ದರು. ಊರ ಮನೆಗೆಲ್ಲ ಮಂಚ ಮಾಡುವವನ ಹೆಂಡತಿಗೆ ಅಣ್ಣನನ್ನು ಒಂದು ರಾತ್ರಿ ಮಲಗಿಸಲು ಗತಿಯಿಲ್ಲ ಎಂದು. ಗದಿಗೆಮ್ಮ ಬಾಯಿ ಜೋರಿನವಳು, ಉಳಿದ ಮಾತಿಗೆಲ್ಲ ಅಲ್ಲೇ ಉತ್ತರ ಕೊಡುತ್ತಾಳೆ. ಈ ಮಾತಿಗೆ ಮಾತ್ರ ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದಳು. ಒಮ್ಮೆ ನನ್ನ ಹತ್ತಿರ ಕೂತು ಅತ್ತಳು.

"ಅಂವ ಒಂದ ರಾತ್ರಿ ನಮ್ಮನಿಯಾಗ ಮಲಗಿ ಎದ್ದು, ಮುಂಜಾನಿ ಚಹಾ ಕೇಳಿದ್ರ ಸಾಕ್ರಿ ಅಕ್ಕಾರ. ಮತ್ತೇನೂ ಬ್ಯಾಡ ನನಗ," ಎಂದಳು.

ನನಗೆ ಕೆಡುಕೆನಿಸಿತು. ಸಿಟ್ಟೂ ಬಂತು. ಬೂದೆಪ್ಪನನ್ನು ಕರೆಸಿ, ಊರಿಗೆ ಉಪಕಾರ ಸಾಕು, ನಾಗರಪಂಚಮಿಗೆ ಅವಳ ಅಣ್ಣ ಬರುತ್ತಾನಂತೆ, ಅದಕ್ಕಿಂತ ಮುಂಚೆ ನಿನ್ನ ಮನೆಗೊಂದು ಮಂಚ ಮಾಡು ಎಂದೆ. ಮಂಚ ಹಾಕಿದರೆ ಕೋಣೆಯಲ್ಲಿ ಕೂಡಲು ಜಾಗ ಉಳಿಯುವುದಿಲ್ಲ, ಸೋಫಾ ಹಾಕಿದರೆ ಮಲಗಲು ಜಾಗ ಉಳಿಯುವುದಿಲ್ಲ ಎಂದು ಅವನು ತಲೆ ಕೆರೆದುಕೊಂಡ. ಅದಕ್ಕೆ ನಾನು, ಈಗ ಸೋಫಾ ಕಮ್ ಬೆಡ್ ಎಂದು ಬಂದಿದೆಯಲ್ಲ, ಅದನ್ನು ಮಾಡು ಎಂದೆ.

ಬೂದೆಪ್ಪನ ಮುಖ ಅರಳಿತು.

"ಖರೇ ಐತ್ರಿ ಅಕ್ಕಾರ. ಸೋಫಾ ಕಮ್, ಬೆಡ್ ಜಾಸ್ತಿ. ಮನಶ್ಯಾ ಕುಂದರೂದು ಎಷ್ಟೊತ್ತು? ಮಲಗೂದ ಭಾಳ," ಎಂದ.

ಅವನು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ನಾನು ನಕ್ಕೆ. ಅವನೂ ನಕ್ಕ. ಅವನು ನಕ್ಕದ್ದು ಸಮಸ್ಯೆ ಬಗೆಹರಿಯಿತೆಂಬ ಸಂತೋಷಕ್ಕೆ ಎಂದು ನನಗೆ ಆಮೇಲೆ ತಿಳಿಯಿತು. ಹೈದರಾಬಾದಿನಲ್ಲಿ ಕಮ್ ಎಂದರೆ ಕಡಿಮೆ ಎಂದು ತೊಟ್ಟಿಲ ಕೂಸಿಗೂ ಗೊತ್ತು. ತರಕಾರಿಯವನ ಹತ್ತಿರ ದಿನಾ ಕಮ್ ಮಾಡು, ಕಮ್ ಮಾಡು ಎಂದು ಜಗಳವಾಡುವ ನನಗೇ ಹೊಳೆಯದಿದ್ದರೆ ಅವನನ್ನು ಏನೆಂದು ದೂರಲಿ?

ಬೆಡ್ ಎಷ್ಟು ಉದ್ದ ಬೇಕು ಎಂದು ಹೆಂಡತಿಯನ್ನು ಕೇಳಿದ. ಗದಿಗೆಮ್ಮ ಗೋಡೆಯ ಹತ್ತಿರ ನಿಂತು ಅಣ್ಣ ಇಷ್ಟು ಎತ್ತರ ಎಂದು ಕೈ ಎತ್ತಿ ತೋರಿಸಿದಳು. ತವರಿನ ಅಭಿಮಾನ ನೋಡಿ, ಕೈ ಅಷ್ಟಕ್ಕೆ ನಿಲ್ಲಲಿಲ್ಲ, ಹಿಮ್ಮಡಿ ಎತ್ತಿ ಇನ್ನೊಂದು ಗೇಣು ಮೇಲೆ ಹೋಯಿತು. ಬೂದೆಪ್ಪ ಅಲ್ಲಿಗೇ ಗುರುತು ಹಾಕಿಕೊಂಡ.

ಕೆಲಸ ಪಂಚಮಿಯ ಹಿಂದಿನ ದಿನ ಮುಗಿಯಿತು. ಯಾರ ದೃಷ್ಟಿಯೂ ತಾಗಬಾರದೆಂದು ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಅದನ್ನು ಬಿಚ್ಚಿ ನೋಡಿದರು, ಮತ್ತೆ ಮಡಿಚಿ ನೋಡಿದರು, ಒಂದು ತೆಂಗಿನಕಾಯಿ ಒಡೆದರು. ಬಾಗಿಲು ಹಾಕಿಕೊಂಡೇ ನೋಡಿದ್ದರಿಂದ ಒಂದು ವಿಷಯ ಅವರ ಗಮನಕ್ಕೆ ಬರಲಿಲ್ಲ. ಬರಲಿಲ್ಲ ಎಂದೇ ನಾನು ಮೊದಲು ನಂಬಿದ್ದೆ.

ಮರುದಿನ ಮಧ್ಯಾಹ್ನ ಕೊಬ್ಬರಿ ಉಂಡೆ ತೆಗೆದುಕೊಂಡು ನಾನೂ ಹೋದೆ. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಬೇಳೆಯ ಕುಕ್ಕರ್ ಇತ್ತು, ಈಗ ಬಂದೆ ಎಂದು ಮನೆಯವರಿಗೆ ಹೇಳಿ ಹೊರಟೆ. ಸಂದಿ ದಾಟಿ ಮೇಲೆ ಹೋಗಿ ನೋಡಿದರೆ ಸೋಫಾ ಎಂಬುದು ಒಂದು ಗೇಣು ಅಗಲದ ಹಲಗೆ. ಕಪಾಟಿನಲ್ಲಿ ಡಬ್ಬಿ ಇಡುವಷ್ಟು ಜಾಗ. ಅದರ ಹಿಂದೆ ಕೋಟೆಯ ಬಾಗಿಲಿನಂಥ ಬೆನ್ನು. ಸೋಫಾ ಇಷ್ಟೇ ಏನು ಎಂದು ನಾನು ಮೆಲ್ಲಗೆ ಕೇಳಿದೆ. ನೀವೇ ಹೇಳಿದಿರಲ್ಲ ಕಮ್ ಎಂದು, ಎಂದ ಬೂದೆಪ್ಪ. ನಾನು ಹೋಗಿ ಟ್ರಂಕಿನ ಮೇಲೆ ಕೂತೆ.

ಅಷ್ಟರಲ್ಲಿ ಗುರುಸಿದ್ದಪ್ಪ ಬಂದ, ಹೆಗಲ ಮೇಲೆ ಗಿರಣಿಯ ಪಟ್ಟಾದ ಸುರುಳಿ. ಎತ್ತರದ, ತೂಕದ ಆಳು. ಹೊಸ ಸಾಮಾನು ನೋಡಿ ಹುಬ್ಬು ಏರಿಸಿದ. ಕುಂಡೆಯ ಅರ್ಧ ಭಾಗವನ್ನು ಹಲಗೆಯ ಮೇಲೆ ಇಟ್ಟು, ಉಳಿದ ಅರ್ಧವನ್ನು ಮೊಣಕಾಲಿನ ಬಲದಲ್ಲಿ ಹಿಡಿದುಕೊಂಡು, ಸಂಜೆಯ ಗಾಡಿಯ ಟಿಕೆಟ್ ಆಗಲೇ ಆಗಿದೆ ಎಂದು ಎಲ್ಲಕ್ಕಿಂತ ಮೊದಲು ಹೇಳಿದ. ಗದಿಗೆಮ್ಮನ ಮುಖ ಸಣ್ಣದಾಯಿತು. ಊಟ ಬಡಿಸಿದಳು, ಹೋಳಿಗೆಯ ಮೇಲೆ ಹೋಳಿಗೆ ಹಾಕಿದಳು. ಊಟವಾದ ಮೇಲೆ ಗಂಡನನ್ನು ಎಲೆ ಅಡಿಕೆ ತರಲು ಕೆಳಗಿನ ಅಂಗಡಿಗೆ ಕಳಿಸಿದಳು. ಬೂದೆಪ್ಪ ಹೋದ.

ಹೋಳಿಗೆ ತಿಂದ ಮನುಷ್ಯ ಹಿಂದಕ್ಕೆ ಒರಗಲೇಬೇಕು. ಗುರುಸಿದ್ದಪ್ಪ ಒರಗಿದ. ಕಟಕ್ ಎಂದು ಸದ್ದಾಯಿತು, ಸೋಫಾದ ಬೆನ್ನು ಹಿಂದೆ ಬಿತ್ತು, ಹಲಗೆ ಮುಂದೆ ಓಡಿತು, ಅರ್ಧ ತೆರೆದಿದ್ದ ಬಾಗಿಲನ್ನು ದಡಾರನೆ ಮುಚ್ಚಿ ಅದಕ್ಕೆ ತಾಗಿಕೊಂಡು ನಿಂತಿತು. ಗುರುಸಿದ್ದಪ್ಪ ಸೂರು ನೋಡುತ್ತ ಅಂಗಾತ ಮಲಗಿದ್ದ.

"ಹ್ಯಾಂಗ ಐತಿ ಅಣ್ಣಾ?" ಎಂದಳು ಗದಿಗೆಮ್ಮ.

ಅಣ್ಣನ ಬಾಯಿಂದ ಏನೇನು ಬಂತು ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಎದ್ದು ಬಾಗಿಲು ಎಳೆದ. ಬಾಗಿಲು ಬೆರಳು ತೂರುವಷ್ಟೂ ತೆರೆಯಲಿಲ್ಲ, ಬೆಡ್ಡಿನ ಕೊನೆ ಅದನ್ನು ಒತ್ತಿ ಹಿಡಿದಿತ್ತು. ಆ ಹೆಚ್ಚಿನ ಒಂದು ಗೇಣು ಇಲ್ಲದಿದ್ದರೆ ಮೈ ತೂರುವಷ್ಟು ಜಾಗವಾದರೂ ಆಗುತ್ತಿತ್ತು. ಬೆಡ್ಡನ್ನು ಹಿಡಿದು ಅಲ್ಲಾಡಿಸಿದ. ಸ್ಲ್ಯಾಬ್ ಹೊರುವ ಕಂಬ ಕಟ್ಟುವವನು ಮಾಡಿದ ಸಾಮಾನು, ಅದು ಕದಲಲಿಲ್ಲ. ಅಷ್ಟರಲ್ಲಿ ಬೂದೆಪ್ಪ ಎಲೆ ಹಿಡಿದುಕೊಂಡು ಬಂದು ತನ್ನ ಮನೆಯ ಬಾಗಿಲನ್ನು ತಾನೇ ಬಡಿಯತೊಡಗಿದ. ವಿಷಯ ತಿಳಿದು ಕಿಟಕಿಗೆ ಬಂದ. ಗರಗಸ ಎಲ್ಲಿ ಎಂದು ಗುರುಸಿದ್ದಪ್ಪ ಗುಡುಗಿದ. ಸಲಕರಣೆಯ ಚೀಲವೆಲ್ಲ ಬೆಡ್ಡಿನ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಬೆಡ್ಡು ಮಡಿಚದೆ ಪೆಟ್ಟಿಗೆ ತೆರೆಯುವುದಿಲ್ಲ.

ಆದರೂ ಬೂದೆಪ್ಪ ಧೈರ್ಯವಾಗಿದ್ದ. ಸೆಂಟ್ರಿಂಗಿನವನು ಬಿಚ್ಚುವ ಉಪಾಯ ಇಡದೆ ಏನನ್ನೂ ಕಟ್ಟುವುದಿಲ್ಲ. ಬೆಡ್ಡಿನ ಎಡಗಾಲಿನ ಹತ್ತಿರ ಒಂದು ಬೆಣೆ ಇದೆ, ಅದನ್ನು ಹಿಮ್ಮಡಿಯಿಂದ ಒದ್ದರೆ ಎಲ್ಲ ಸಡಿಲಾಗುತ್ತದೆ ಎಂದು ಕಿಟಕಿಯಿಂದಲೇ ಹೆಂಡತಿಗೆ ಹೇಳಿದ. ಬೆಣೆ ನಾನು ಕೂತ ಮೂಲೆಯಲ್ಲೇ ಇತ್ತು. ಗದಿಗೆಮ್ಮ ಬಂದಳು, ಸೀರೆ ಎತ್ತಿ ಕಟ್ಟಿಕೊಂಡಳು, ಕಾಲು ಬೀಸಿ ಒದ್ದಳು. ನನ್ನ ಹಲ್ಲು ಕಟಕಟ ಅಂದವು.

ಅವಳು ಒದ್ದದ್ದು ಬೆಣೆಯನ್ನಲ್ಲ, ನಾನು ಕೂತಿದ್ದ ಟ್ರಂಕನ್ನು.

"ಒದ್ದೀನ್ರಿ, ಬರವಲ್ದು," ಎಂದು ಕಿಟಕಿಯ ಕಡೆಗೆ ಕೂಗಿದಳು.

ನಾನು ಬಾಯಿ ತೆರೆದೆ. ಗದಿಗೆಮ್ಮ ನನ್ನನ್ನು ನೋಡಿದಳು. ಬೆದರಿಕೆಯ ನೋಟವಲ್ಲ, ಬೇಡಿಕೊಳ್ಳುವ ನೋಟವೂ ಅಲ್ಲ. ಅಂದು ನನ್ನ ಹತ್ತಿರ ಕೂತು ಅತ್ತಾಗ ಇದ್ದ ಕಣ್ಣುಗಳು, ಅಷ್ಟೇ. ನಾನು ಬಾಯಿ ಮುಚ್ಚಿದೆ. ಜನ್ಮದಲ್ಲಿ ನಾನು ಬಾಯಿ ಮುಚ್ಚಿಕೊಂಡ ಸಂದರ್ಭಗಳು ಕಮ್, ಅದರಲ್ಲಿ ಇದೊಂದು. ಆಗಲೇ ಗುಡ್ಡದ ಬುಡದಿಂದ ನಮ್ಮ ಕುಕ್ಕರಿನ ಸೀಟಿ ಕೇಳಿಸಿತು. ಇನ್ನೊಂದು ಸೀಟಿ. ಮತ್ತೊಂದು. ಹೋಗಿ ಆರಿಸು ಎಂದು ಬೂದೆಪ್ಪನನ್ನು ಕಳಿಸೋಣವೆಂದರೆ ಅವನು ಆ ಕಿಟಕಿ ಬಿಟ್ಟು ಕದಲುವ ಸ್ಥಿತಿಯಲ್ಲಿ ಇರಲಿಲ್ಲ. ಇನ್ನೂ ಜೋರಾಗಿ ಒದಿ ಎಂದ. ಗದಿಗೆಮ್ಮ ಒದ್ದಳು, ನಾನು ಕುಲುಕಿದೆ, ಬೆಣೆ ಬರಲಿಲ್ಲ. ಬೂದೆಪ್ಪ ಎಲೆಯ ಕಟ್ಟನ್ನು ಹಿಡಿದು ಹಾಗೇ ಮೆಟ್ಟಿಲ ಮೇಲೆ ಕುಸಿದು ಕೂತ. ಇಷ್ಟು ಕಟ್ಟಡಗಳಲ್ಲಿ ಒಮ್ಮೆಯೂ ಕೈ ಕೊಡದ ಬೆಣೆ ತನ್ನ ಮನೆಯಲ್ಲೇ, ಹೆಂಡತಿಯ ಅಣ್ಣನ ಮುಂದೆಯೇ ಕೈ ಕೊಟ್ಟಿತಲ್ಲ ಎಂದು ಅವನ ಮುಖ ಬಾಡಿಹೋಗಿತ್ತು. ಆದರೂ ನಾನು ನಿಜ ಹೇಳಲಿಲ್ಲ.

ಗುರುಸಿದ್ದಪ್ಪ ಬೈದು ಬೈದು ದಣಿದ. ಕೋಣೆಯಲ್ಲಿ ಓಡಾಡಲು ಜಾಗವೇ ಉಳಿದಿರಲಿಲ್ಲ, ಆದ್ದರಿಂದ ಬೆಡ್ಡಿನ ಮೇಲೆ ಕೂತ. ಕೂತವನು ಒರಗಿದ. ಒರಗಿದವನು ಕಾಲು ಚಾಚಿದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಅವನು ಎಷ್ಟು ಚಾಚಿದರೂ ಹಾಸಿಗೆ ಇನ್ನೂ ಇತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಗದಿಗೆಮ್ಮ ಅಣ್ಣನ ಕಾಲ ಬಳಿ ನೆಲಕ್ಕೆ ಕೂತು ಅವನ ಮುಖವನ್ನೇ ನೋಡುತ್ತಿದ್ದಳು, ಸೆರಗಿನಿಂದ ನೊಣ ಓಡಿಸುತ್ತಿದ್ದಳು.

ಕೆಳಗಿನ ಫ್ಲ್ಯಾಟುಗಳಲ್ಲಿ ದೀಪ ಹತ್ತಿಕೊಂಡಾಗ ಯಾದಗಿರಿಯ ಗಾಡಿ ಸಿಕಂದರಾಬಾದ್ ಬಿಟ್ಟು ಬಹಳ ಹೊತ್ತಾಗಿತ್ತು. ಗದಿಗೆಮ್ಮ ಎದ್ದಳು. ಅಣ್ಣನನ್ನು ಮೆಲ್ಲಗೆ ಎಬ್ಬಿಸಿ, ಸ್ವಲ್ಪ ಏಳು ಎಂದು ಬದಿಗೆ ನಿಲ್ಲಿಸಿ, ಹಿಮ್ಮಡಿಯಿಂದ ಬೆಣೆಯನ್ನು ಒಮ್ಮೆ ಮುಟ್ಟಿದಳು. ಅದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂತು. ಬೆಡ್ಡು ಮಡಿಚಿಕೊಂಡಿತು, ಬಾಗಿಲು ತೆರೆಯಿತು, ಬಾಡಿದ ಎಲೆ ಹಿಡಿದು ಬೂದೆಪ್ಪ ಒಳಗೆ ಬಂದ. ತಪ್ಪಾಯಿತು, ಗಾಡಿ ತಪ್ಪಿಸಿಬಿಟ್ಟೆ ಎಂದು ಕೈ ಮುಗಿದ.

ಗುರುಸಿದ್ದಪ್ಪ ಸೊಂಟದ ಮೇಲೆ ಕೈ ಇಟ್ಟು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿ ನೋಡಿಕೊಂಡ. ಏನೂ ನೋಯಲಿಲ್ಲ.

"ಗಾಡಿ ಹೋದ್ರ ಹೋಗ್ಲಿ, ಬೂದೆಪ್ಪ," ಎಂದ. "ಅದನ್ನ ಮತ್ತ ಬಿಚ್ಚು. ನಿದ್ದಿ ಅರ್ಧಕ್ಕ ನಿಂತೈತಿ."

ನಾನು ಉಸಿರು ಹಿಡಿದು ಸಂದಿ ದಾಟಿ ಮನೆಗೆ ಓಡಿದೆ. ಅಡುಗೆಮನೆಯ ತುಂಬ ಹೊಗೆ, ಕುಕ್ಕರಿನೊಳಗೆ ಇದ್ದಿಲು. ಗುರುರಾಜರು ಪತ್ರಿಕೆ ಓದುತ್ತ ಕೂತಿದ್ದರು. ಸೀಟಿ ಎಲ್ಲ ಎಣಿಸಿದ್ದೇನೆ, ಎಷ್ಟಕ್ಕೆ ಆರಿಸಬೇಕೆಂದು ನೀನು ಹೇಳಿ ಹೋಗಿರಲಿಲ್ಲ ಎಂದರು.

ಮರುದಿನ ಬೆಳಿಗ್ಗೆ ನಾನು ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದೆ. ಮೇಲಿನಿಂದ ಗಿರಣಿಯವನ ದೊಡ್ಡ ದನಿ ಇಡೀ ಗುಡ್ಡಕ್ಕೆ ಕೇಳಿಸಿತು, ಗದಿಗೀ, ಚಹಾ ತಾರವಾ ಎಂದು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಇಟ್ಟು ತಲೆ ಎತ್ತಿ ನೋಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಆಗ ಇನ್ನೊಂದು ಮಾತೂ ಹೊಳೆಯಿತು, ಎಲೆ ಅಡಿಕೆ ತಗೊಂಡು ಬರ್ರಿ ಎಂದು ಗಂಡನನ್ನು ಹೊರಗೆ ಕಳಿಸಿದ ಅವಳ ಮನೆಯಲ್ಲಿ ಪಂಚಮಿಗೆಂದು ತಂದ ಎಲೆ ತಟ್ಟೆ ತುಂಬ ಇದ್ದದ್ದನ್ನು ನಾನೇ ನೋಡಿದ್ದೆ.

ಬೂದೆಪ್ಪನಿಗೆ ಮಾತ್ರ ಅಂದಿನಿಂದ ನೆಮ್ಮದಿ ಇರಲಿಲ್ಲ. ಬೆಣೆ ಯಾಕೆ ಬರಲಿಲ್ಲ ಎಂದು ಕಂಡಕಂಡವರನ್ನು ಕೇಳಿದ. ನನ್ನನ್ನೂ ಕೇಳಿದ. ಹೊಸ ಕಟ್ಟಿಗೆ, ಮಳೆಗೆ ಉಬ್ಬಿರಬೇಕು ಎಂದೆ. ಮುಂದಿನ ಆಷಾಢದಲ್ಲಿ ಒಂದು ದಿನ ನಾನು ಮೇಲೆ ಹೋದಾಗ ಅವನು ಬೆಡ್ಡು ಬಿಚ್ಚಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಬಾಗಿಲ ಕಡೆಯ ಕೊನೆಗೆ ಅಡ್ಡ ಗೆರೆ ಎಳೆಯುತ್ತಿದ್ದ. ಒಂದು ಗೇಣು ಕತ್ತರಿಸಿಬಿಟ್ಟರೆ ಬಾಗಿಲಿಗೆ ತಾಗುವುದಿಲ್ಲ, ಇನ್ನೊಮ್ಮೆ ಯಾರ ಮುಂದೆಯೂ ಮಾನ ಹೋಗುವುದಿಲ್ಲ ಎಂದ. ಗರಗಸ ಕೈಗೆತ್ತಿಕೊಂಡ.

ಅಕ್ಕಿ ತೊಳೆಯುತ್ತಿದ್ದ ಗದಿಗೆಮ್ಮ ಹಾಗೇ ಎದ್ದು ಬಂದು ಒದ್ದೆ ಕೈಯನ್ನು ಆ ಗೆರೆಯ ಮೇಲೆ ಇಟ್ಟಳು.

"ಒಂದು ಗೇಣೂ ಕಮ್ ಮಾಡಬ್ಯಾಡ್ರಿ," ಎಂದಳು. "ಪಂಚಮಿಗೆ ಅಣ್ಣ ಬರ್ತಾನ."

ಬೂದೆಪ್ಪ ಅವಳ ಮುಖ ನೋಡಿದ. ಅವಳ ಹಿಮ್ಮಡಿ ನೋಡಿದ. ನಾನು ಕೂತಿದ್ದ ಟ್ರಂಕಿನ ಮಗ್ಗುಲಲ್ಲಿ ಬಿದ್ದ ತಗ್ಗನ್ನು ಬಹಳ ಹೊತ್ತು ನೋಡಿದ. ಆಮೇಲೆ ಗರಗಸವನ್ನು ಚೀಲಕ್ಕೆ ಹಾಕಿ, ಉಗುಳು ಹಚ್ಚಿ ಆ ಪೆನ್ಸಿಲ್ ಗೆರೆಯನ್ನು ಒರೆಸಿದ.